ಬೆಂಗಳೂರಿನ ದಿಢೀರ್ ನೆರೆ: ಮುನ್ಸೂಚನೆ, ನಿರ್ವಹಣೆಯ ಇತಿಹಾಸ

ಕೆಲವೇ ಗಂಟೆಗಳ ಬಿರುಮಳೆಗೆ ರಾಜಕಾಲುವೆಗಳು ಉಕ್ಕಿ, ತಗ್ಗಿನ ಬಡಾವಣೆ, ರಸ್ತೆ, ಅಂಡರ್‌ಪಾಸ್‌ಗಳಿಗೆ ನೀರು ನುಗ್ಗುವುದನ್ನು ನಗರದ ದಿಢೀರ್ ನೆರೆ ಎನ್ನುತ್ತಾರೆ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ದಿಣ್ಣೆಯ ಮೇಲಿರುವ ಬೆಂಗಳೂರಿನಲ್ಲಿ ದೊಡ್ಡ ನದಿಯಿಲ್ಲ. ಮಳೆನೀರಿನ ಬಹುಪಾಲು ಹೆಬ್ಬಾಳ ಮತ್ತು ಕೋರಮಂಗಲ–ಚಲ್ಲಘಟ್ಟ ಕಣಿವೆಗಳ ಮೂಲಕ ದಕ್ಷಿಣ ಪಿನಾಕಿನಿಗೂ, ವೃಷಭಾವತಿ ಕಣಿವೆಯ ಮೂಲಕ ಅರ್ಕಾವತಿಗೂ ಸೇರುತ್ತದೆ.

ಕೆರೆಗಳ ಕಾಲ

ಮೇಲಿನ ಕೆರೆ ಕೋಡಿ ಬಿದ್ದರೆ ಆ ನೀರು ಕೆಳಗಿನ ಕೆರೆಗೆ ಹೋಗುವಂತೆ ಹಿಂದಿನವರು ಕೆರೆಗಳನ್ನು ಸರಪಳಿಯಾಗಿ ಕಟ್ಟಿದ್ದರು. ತೂಬಿನ ಉಸ್ತುವಾರಿ ನೀರುಗಂಟಿಯದು. ಕೊಳವೆ ನೀರು ಬಂದ ಮೇಲೆ ಊರೊಳಗಿನ ಕೆರೆಗಳಿಗೆ ಕೆಲಸ ಉಳಿಯಲಿಲ್ಲ. ಧರ್ಮಾಂಬುಧಿ ಕೆರೆ ಕೆಂಪೇಗೌಡ ಬಸ್ ನಿಲ್ದಾಣವಾಯಿತು, ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣವಾಯಿತು, ಕೋರಮಂಗಲದ ಕೆರೆಯ ಜಾಗದಲ್ಲಿ ರಾಷ್ಟ್ರೀಯ ಕ್ರೀಡಾಗ್ರಾಮ ಎದ್ದಿತು.

ಲೆಕ್ಕದ ಗೊಂದಲ

ಎಷ್ಟು ಕೆರೆಗಳಿದ್ದವು ಎಂಬುದಕ್ಕೆ ಒಂದೇ ಉತ್ತರವಿಲ್ಲ. 1960ರ ದಶಕದಲ್ಲಿ 262 ಕೆರೆಗಳಿದ್ದವು ಎಂಬ ಮಾತು ಚಾಲ್ತಿಯಲ್ಲಿದೆ. ಮಹಾಲೇಖಪಾಲರ (ಸಿಎಜಿ) 2021ರ ವರದಿಯಲ್ಲಿ ಬರುವ ಅಂಕಿ ಬೇರೆ: 1800ರ ಸುಮಾರಿಗೆ 1,452 ಜಲಮೂಲಗಳು, 2016ರ ಹೊತ್ತಿಗೆ 194. ಎಣಿಸುವವರು ಇಟ್ಟುಕೊಂಡ ಗಡಿ ಬೇರೆಯಾದಾಗ ಲೆಕ್ಕವೂ ಬೇರೆಯಾಗುತ್ತದೆ. 226 ಚದರ ಕಿ.ಮೀ. ಇದ್ದ ಪಾಲಿಕೆಯೇ 2007ರಲ್ಲಿ 700 ಚದರ ಕಿ.ಮೀ. ಮೀರಿದ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ (ಬಿಬಿಎಂಪಿ) ಆಯಿತು. ನೆರೆಯ ಮಟ್ಟಿಗೆ ಅದೇ ವರದಿಯ ಇನ್ನೊಂದು ಲೆಕ್ಕ ಹೆಚ್ಚು ಮುಖ್ಯ. 20ನೆಯ ಶತಮಾನದ ಆರಂಭದಲ್ಲಿ 113.24 ಕಿ.ಮೀ. ಇದ್ದ ಕೋರಮಂಗಲ ಕಣಿವೆಯ ಕಾಲುವೆಗಳು 2016–17ಕ್ಕೆ 62.84 ಕಿ.ಮೀ.ಗೆ ಇಳಿದಿದ್ದವು; ವೃಷಭಾವತಿ ಕಣಿವೆಯವು 226.29ರಿಂದ 110.84 ಕಿ.ಮೀ.ಗೆ.

ಮುನ್ಸೂಚನೆ

ಮುಂಬೈನ ಸಾಂತಾಕ್ರೂಜ್‌ನಲ್ಲಿ 2005ರ ಜುಲೈ 26–27ರ 24 ಗಂಟೆಗಳಲ್ಲಿ 944 ಮಿ.ಮೀ. ಮಳೆ ಸುರಿದಾಗ ಅದೇ ನಗರದ ಕೊಲಾಬಾದಲ್ಲಿ ಬಿದ್ದದ್ದು 74 ಮಿ.ಮೀ. ಮಾತ್ರ. ಊರಿಗೊಂದು ಮಳೆಮಾಪಕ ಸಾಲದೆಂಬುದು ಇದರಿಂದ ಖಚಿತವಾಯಿತು. ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರವು 2010ರಲ್ಲಿ ನಗರದ ನೆರೆಯನ್ನು ನದಿಯ ನೆರೆಯಿಂದ ಬೇರ್ಪಡಿಸಿ ಮಾರ್ಗಸೂಚಿ ತಂದು, ಪ್ರತಿ 4 ಚದರ ಕಿ.ಮೀ.ಗೆ ಒಂದು ಸ್ವಯಂಚಾಲಿತ ಮಳೆಮಾಪಕ ಇರಬೇಕೆಂದಿತು. ಕರ್ನಾಟಕದಲ್ಲಿ ಈ ಹೊಣೆ ಹೊತ್ತದ್ದು 1988ರಲ್ಲಿ ಬರ ನೋಡಿಕೊಳ್ಳಲೆಂದು ಹುಟ್ಟಿದ ಸಂಸ್ಥೆ, ಈಗಿನ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ. ಅದು ಭಾರತೀಯ ವಿಜ್ಞಾನ ಸಂಸ್ಥೆಯ ಜತೆ ಸೇರಿ ರಾಜಕಾಲುವೆಗಳಲ್ಲಿ ನೀರಿನ ಮಟ್ಟ ಅಳೆಯುವ ಸೆನ್ಸರ್‌ಗಳನ್ನೂ ನೆರೆಯ ಗಣಿತ ಮಾದರಿಯನ್ನೂ ರೂಪಿಸಿತು. 2020ರಲ್ಲಿ ಮಳೆ, ನೆರೆಯ ಮುನ್ಸೂಚನೆ ಕೊಡುವ ‘ಮೇಘ ಸಂದೇಶ’ ಆ್ಯಪ್ ಬಂತು.

2022ರ ನೆರೆ ಮತ್ತು ವಿವಾದ

2022ರ ಆಗಸ್ಟ್ 30ರಂದು, ಮತ್ತೆ ಸೆಪ್ಟೆಂಬರ್ 4–5ರಂದು ಬೆಳ್ಳಂದೂರು, ಮಹದೇವಪುರ, ಸರ್ಜಾಪುರ ರಸ್ತೆಯ ಬಡಾವಣೆಗಳು ಜಲಾವೃತವಾದವು. ನಿವಾಸಿಗಳನ್ನು ದೋಣಿ, ಟ್ರ್ಯಾಕ್ಟರ್‌ಗಳಲ್ಲಿ ಹೊರತಂದರು. ತೊಂಬತ್ತು ವರ್ಷಗಳಲ್ಲಿ ಕಾಣದ ಮಳೆ ಎಂದು ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಹೇಳಿದರು. ವರ್ಷದ ಮೊತ್ತಕ್ಕೆ ಈ ಬಗೆಯ ಮಾತು ಒಪ್ಪುತ್ತದೆ. 2017ರ 1,696 ಮಿ.ಮೀ. ದಾಖಲೆಯನ್ನು ಆ ವರ್ಷದ ಮಳೆ ಅಕ್ಟೋಬರ್‌ನಲ್ಲೇ ದಾಟಿತು. ಒಂದು ದಿನದ ಮಳೆಗೆ ಒಪ್ಪುವುದಿಲ್ಲ. ಸೆಪ್ಟೆಂಬರ್ 5ರ ಬೆಳಗಿನವರೆಗಿನ 24 ಗಂಟೆಗಳಲ್ಲಿ ನಗರ ಕೇಂದ್ರದಲ್ಲಿ ದಾಖಲಾದದ್ದು 131.6 ಮಿ.ಮೀ.; 2014ರ ಸೆಪ್ಟೆಂಬರ್ 26ರ ಮಳೆ 132.3 ಮಿ.ಮೀ. ಮೇಲಾಗಿ ಈ ಅಂಕಿ ಊರ ನಡುವಿನ ವೀಕ್ಷಣಾಲಯದ್ದು, ನೆರೆ ಬಂದದ್ದು ಪೂರ್ವ ಭಾಗದಲ್ಲಿ. ಅಲ್ಲಿನ ಕೆರೆಗಳು ಆಗಸ್ಟ್‌ನಲ್ಲೇ ತುಂಬಿದ್ದವು.

ನೆರೆ ಇಳಿದ ಮೇಲೆ ಹಳೆಯ ಗ್ರಾಮನಕ್ಷೆಗಳನ್ನು ಹಿಡಿದು ಒತ್ತುವರಿ ತೆರವು ಆರಂಭವಾಯಿತು. ಕಾಲುವೆಯ ಬದಿ ಎಷ್ಟು ಜಾಗ ಬಿಡಬೇಕೆಂಬ ಪ್ರಶ್ನೆ ಅದಕ್ಕೂ ಹಿಂದಿನದು. 2015ರ ನಗರ ಯೋಜನೆ ಪ್ರಾಥಮಿಕ, ದ್ವಿತೀಯ, ತೃತೀಯ ಕಾಲುವೆಗಳಿಗೆ 50, 25, 15 ಮೀಟರ್ ಬಫರ್ ವಲಯ ಗೊತ್ತುಮಾಡಿತ್ತು. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರಲ್ಲಿ ಅದನ್ನು 50, 35, 25 ಮೀಟರ್‌ಗೆ ಬದಲಿಸಿತು. ಕೆರೆಗಳ ಬಫರ್ 30 ಮೀಟರ್ ಇದ್ದದ್ದು 75 ಆಯಿತು. 2019ರ ಮಾರ್ಚ್ 5ರಂದು ಸುಪ್ರೀಂ ಕೋರ್ಟ್ ಈ ಬದಲಾವಣೆಯನ್ನು ರದ್ದು ಮಾಡಿತು. ಹಲವು ಬರಹಗಳು ಇಂದಿಗೂ 75 ಮೀಟರ್ ನಿಯಮವನ್ನೇ ಜಾರಿಯಲ್ಲಿರುವಂತೆ ಉಲ್ಲೇಖಿಸುತ್ತವೆ.

ಈಚಿನ ಬೆಳವಣಿಗೆ

2023ರ ಮೇ 21ರಂದು ಕೆ.ಆರ್. ವೃತ್ತದ ಅಂಡರ್‌ಪಾಸ್‌ನಲ್ಲಿ ಕಾರು ಮುಳುಗಿ ಯುವತಿಯೊಬ್ಬರು ಸತ್ತ ಬಳಿಕ ಅಂಡರ್‌ಪಾಸ್‌ಗಳ ಸುರಕ್ಷತೆ ಚರ್ಚೆಯ ಮುನ್ನೆಲೆಗೆ ಬಂತು. 2024ರ ಜೂನ್ 2ರ 111.1 ಮಿ.ಮೀ. ಮಳೆ, ಜೂನ್ ತಿಂಗಳ ಒಂದು ದಿನದ ಮಳೆಯಲ್ಲಿ 1891ರ ಜೂನ್ 16ರ 101.6 ಮಿ.ಮೀ. ದಾಖಲೆಯನ್ನು ಮುರಿಯಿತು. 2025ರ ಮೇ ತಿಂಗಳಲ್ಲಿ, ಹಿಂದೆಯೂ ಮುಳುಗಿದ್ದ ತಗ್ಗಿನ ಬಡಾವಣೆ ಸಾಯಿ ಲೇಔಟ್ ಮತ್ತೆ ಮುಳುಗಿತು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿಯ ಜಾಗಕ್ಕೆ ಗ್ರೇಟರ್ ಬೆಂಗಳೂರು ಪ್ರಾಧಿಕಾರದಡಿ ಐದು ಪಾಲಿಕೆಗಳು ಬಂದವು. ಮಳೆನೀರಿನ ಮುಖ್ಯ ಕಣಿವೆಗಳು ಹಿಂದಿನಂತೆ ಮೂರೇ.