ಹತ್ತು ಓವರ್, ಆರು ರನ್, ಐದು ವಿಕೆಟ್: ಗದಗದ ಸುನಿಲ್ ಜೋಶಿ ಲೆಕ್ಕ

ಭೀಮರಾಯನಗುಡಿ ಕ್ಯಾಂಪಿನ ಬಯಲಿನಲ್ಲಿ ಭಾನುವಾರ ಬೆಳಿಗ್ಗೆ ಒಮ್ಮೆ ನಿಂತು ನೋಡಿ. ಟೆನಿಸ್ ಬಾಲ್, ಇಟ್ಟಿಗೆ ಜೋಡಿಸಿದ ವಿಕೆಟ್, ಇಪ್ಪತ್ತು ಹುಡುಗರು. ಇಪ್ಪತ್ತೂ ಮಂದಿಗೆ ಬ್ಯಾಟಿಂಗೇ ಬೇಕು. ಬೌಲಿಂಗ್ ಮಾಡು ಅಂದರೆ ಮುಖ ಗಂಟಿಕ್ಕುತ್ತಾರೆ. ಮಾಡಿದರೂ ದೂರದಿಂದ ಓಡಿ ಬಂದು ಜೋರಾಗಿ ಒಗೆಯಬೇಕು. ನಿಧಾನವಾಗಿ, ತಿರುವು ಕೊಟ್ಟು ಹಾಕುವ ಹುಡುಗ ಸಿಗುವುದು ಅಪರೂಪ.

ಹೋದ ತಿಂಗಳು ಅಲ್ಲೇ ಒಬ್ಬ ಹುಡುಗ ನಮ್ಮನ್ನು ಕೇಳಿದ: “ಅಣ್ಣಾ, ನಮ್ ಕಡಿಯವ್ರು ಯಾರರ ಇಂಡಿಯಾ ಟೀಮಿಗೆ ಆಡ್ಯಾರೇನು?”

ನಾವು ಗದಗದ ಸುನಿಲ್ ಜೋಶಿ ಹೆಸರು ಹೇಳಿದೆವು. ಆ ಹುಡುಗ ಹುಟ್ಟುವ ಮೊದಲೇ ಅವರ ಅಂತರರಾಷ್ಟ್ರೀಯ ಆಟ ಮುಗಿದಿತ್ತು. ಕೂಡಲೇ ಮೊಬೈಲ್ ತೆಗೆದು ಹುಡುಕಿದ. ಟೆಸ್ಟ್ 15, ವಿಕೆಟ್ 41. ಏಕದಿನ 69, ವಿಕೆಟ್ 69. ನೋಡಿ ಒಂದೇ ಮಾತು ಅಂದ: “ಇಷ್ಟೇನಾ?”

ಆ ‘ಇಷ್ಟೇನಾ’ ನಮ್ಮ ತಲೆಯಿಂದ ಹೋಗಲಿಲ್ಲ. ಅದಕ್ಕೇ ಈ ಬರಹ.

ಬೆಳಗಿನ ಅರವತ್ತು ಕಿಲೋಮೀಟರ್

ಸುನಿಲ್ ಜೋಶಿ ಹುಟ್ಟಿದ್ದು 1970ರ ಜೂನ್ 6ರಂದು, ಗದಗದಲ್ಲಿ. ಆಗ ಗದಗ ಜಿಲ್ಲೆಯೇ ಆಗಿರಲಿಲ್ಲ, ಧಾರವಾಡ ಜಿಲ್ಲೆಯ ಒಂದು ಊರು. ಜಿಲ್ಲೆಯಾದದ್ದು 1997ರಲ್ಲಿ. ನಮ್ಮ ಯಾದಗಿರಿಯೂ ಅದೇ ಥರ, ಕಲಬುರಗಿಯಿಂದ ಬೇರೆಯಾಗಿ ಜಿಲ್ಲೆಯಾಗಿ ಇನ್ನೂ ಹದಿನೈದು ಚಿಲ್ಲರೆ ವರ್ಷ. ದೊಡ್ಡ ಜಿಲ್ಲೆಯ ಮೂಲೆಯಲ್ಲಿದ್ದ ಊರಿನ ಕಷ್ಟ ಏನೆಂದು ನಮಗೆ ಯಾರೂ ಹೇಳಿಕೊಡಬೇಕಿಲ್ಲ.

ಶಾಲೆಯಲ್ಲಿ ಓದುವಾಗ ಜೋಶಿ ಬೆಳಿಗ್ಗೆ ಎದ್ದು ಪ್ರಾಕ್ಟೀಸ್‌ಗೆಂದು ಹುಬ್ಬಳ್ಳಿಗೆ ಹೋಗುತ್ತಿದ್ದರು. ಗದಗದಿಂದ ಹುಬ್ಬಳ್ಳಿ ಅಂದರೆ ಹೆಚ್ಚುಕಡಿಮೆ ಅರವತ್ತು ಕಿಲೋಮೀಟರ್. ಅಲ್ಲಿ ಬೌಲಿಂಗ್ ಮಾಡಿ, ಮತ್ತೆ ಅಷ್ಟೇ ದೂರ ವಾಪಸ್ ಬಂದು ಶಾಲೆಯ ಗಂಟೆ ಹೊಡೆಯುವುದರೊಳಗೆ ತರಗತಿಯಲ್ಲಿ ಇರಬೇಕು. ಒಂದು ದಿನದ ಮಾತಲ್ಲ ಇದು, ದಿನವೂ ಇದೇ. ಎಡಗೈ ಸ್ಪಿನ್ ಅನ್ನುವುದು ಅವರಿಗೆ ಹೀಗೆ ಬಂದದ್ದು.

ಎಡಗೈ ಸ್ಪಿನ್ ಎಂದರೇನು ಅಂತ ಸಣ್ಣ ಹುಡುಗರಿಗಾಗಿ ಹೇಳಿಬಿಡುತ್ತೇವೆ. ಬಲಗೈ ಬ್ಯಾಟ್ಸ್‌ಮನ್‌ಗೆ ಈ ಚೆಂಡು ಕಾಲಿನ ಕಡೆಗೆ ಬರುವ ಹಾಗೆ ಕಾಣುತ್ತದೆ, ನೆಲಕ್ಕೆ ಬಿದ್ದ ಮೇಲೆ ಆಚೆ ತಿರುಗಿ ಹೋಗುತ್ತದೆ. ತಿರುಗುತ್ತದೆ ಅಂತ ನಂಬಿ ಬ್ಯಾಟ್ ಇಟ್ಟಾಗ ಒಂದು ಚೆಂಡು ತಿರುಗದೆ ನೇರ ಬರುತ್ತದೆ. ಕೈಚಳಕವೆಲ್ಲ ಇಷ್ಟೇ. ಆದರೆ ಅದನ್ನು ಒಂದೇ ಜಾಗದಲ್ಲಿ, ಬೇಸರವಿಲ್ಲದೆ, ಗಂಟೆಗಟ್ಟಲೆ ಹಾಕುವುದಕ್ಕೆ ವರ್ಷಗಟ್ಟಲೆ ಕೂಲಿ ಮಾಡಬೇಕು.

1995-96ರ ರಣಜಿ ಸೀಸನ್‌ನಲ್ಲಿ ಆ ಕೂಲಿಗೆ ಬೆಲೆ ಸಿಕ್ಕಿತು. ಒಂದೇ ಸೀಸನ್‌ನಲ್ಲಿ 500ಕ್ಕೂ ಹೆಚ್ಚು ರನ್, 50ಕ್ಕೂ ಹೆಚ್ಚು ವಿಕೆಟ್. ಕರ್ನಾಟಕ ಆ ವರ್ಷ ರಣಜಿ ಟ್ರೋಫಿ ಗೆದ್ದಿತು. ಮುಂದೆ 1997-98 ಮತ್ತು 1998-99ರಲ್ಲೂ ಗೆದ್ದಿತು. ಭಾರತ ತಂಡದ ಬಾಗಿಲು ತೆರೆಯಿತು. ಇಂಗ್ಲೆಂಡಿನ ಎಡ್ಜ್‌ಬಾಸ್ಟನ್‌ನಲ್ಲಿ ಮೊದಲ ಟೆಸ್ಟ್, 1996ರ ಜೂನ್ 6ಕ್ಕೆ ಶುರು. ಅಂದು ಅವರಿಗೆ 26 ತುಂಬಿತ್ತು. ಅದೇ ತಂಡದಲ್ಲಿ ಶ್ರೀನಾಥ್, ಕುಂಬ್ಳೆ, ವೆಂಕಟೇಶ್ ಪ್ರಸಾದ್ ಇದ್ದರು. ಹನ್ನೊಂದು ಮಂದಿಯಲ್ಲಿ ನಾಲ್ವರು ಕರ್ನಾಟಕದವರು.

ನೈರೋಬಿಯ ಆ ಭಾನುವಾರ

ಈಗ ಅಸಲು ಲೆಕ್ಕಕ್ಕೆ ಬರೋಣ. 1999ರ ಸೆಪ್ಟೆಂಬರ್ 26, ಭಾನುವಾರ. ನಮ್ಮ ರಾಜ್ಯದಲ್ಲಿ ಲೋಕಸಭೆ, ವಿಧಾನಸಭೆ ಎರಡೂ ಚುನಾವಣೆಗಳ ಗದ್ದಲದ ಕಾಲ. ಆಗ ನಾವು ಪ್ರಾಥಮಿಕ ಶಾಲೆಯ ಹುಡುಗರು, ಪಕ್ಷಗಳ ಬ್ಯಾಡ್ಜ್ ಕೂಡಿಸುವುದರಲ್ಲೇ ಮುಳುಗಿದ್ದೆವು. ಅತ್ತ ಆಫ್ರಿಕಾದ ಕೀನ್ಯಾ ದೇಶದಲ್ಲಿ, ನೈರೋಬಿ ಜಿಮ್ಖಾನಾ ಮೈದಾನದಲ್ಲಿ ಎಲ್‌ಜಿ ಕಪ್ ನಡೆಯುತ್ತಿತ್ತು. ಎದುರಾಳಿ ದಕ್ಷಿಣ ಆಫ್ರಿಕಾ.

ದಕ್ಷಿಣ ಆಫ್ರಿಕಾ ಅಂದರೆ ಆಗ ಯಾರು? ಮೂರು ತಿಂಗಳ ಹಿಂದಷ್ಟೇ ವಿಶ್ವಕಪ್ ಸೆಮಿಫೈನಲ್‌ನಲ್ಲಿ ಆಸ್ಟ್ರೇಲಿಯಾ ಜೊತೆ ಟೈ ಮಾಡಿಕೊಂಡು, ಕೂದಲೆಳೆಯಷ್ಟರಲ್ಲಿ ಫೈನಲ್ ತಪ್ಪಿಸಿಕೊಂಡ ತಂಡ. ಹ್ಯಾನ್ಸಿ ಕ್ರೋನಿಯೆ ನಾಯಕ. ಹರ್ಷೆಲ್ ಗಿಬ್ಸ್, ಜಾಂಟಿ ರೋಡ್ಸ್ ಇದ್ದ ಬ್ಯಾಟಿಂಗ್ ಸಾಲು.

ಆ ಸಾಲಿನ ಎದುರು ಸುನಿಲ್ ಜೋಶಿ ಹಾಕಿದ್ದು ತಮ್ಮ ಪಾಲಿನ ಪೂರ್ತಿ ಹತ್ತು ಓವರ್. ಅದರಲ್ಲಿ ಮೇಡನ್, ಅಂದರೆ ಒಂದೂ ರನ್ ಬಿಟ್ಟುಕೊಡದ ಓವರ್, ಆರು. ಕೊಟ್ಟ ರನ್ ಆರು. ಪಡೆದ ವಿಕೆಟ್ ಐದು. ಆ ಐದರಲ್ಲಿ ಗಿಬ್ಸ್, ಕ್ರೋನಿಯೆ, ರೋಡ್ಸ್ ಮೂವರೂ ಸೇರಿದ್ದರು.

ಸ್ವಲ್ಪ ನಿಧಾನವಾಗಿ ಲೆಕ್ಕ ಹಾಕಿ. ಹತ್ತು ಓವರ್ ಎಂದರೆ 60 ಎಸೆತ. ಪ್ರತಿ ರನ್ನೂ ಒಂದೊಂದೇ ಬಂದಿತು ಅಂದುಕೊಂಡರೂ ರನ್ ಸಿಕ್ಕಿದ್ದು ಹೆಚ್ಚೆಂದರೆ ಆರು ಎಸೆತಕ್ಕೆ. ಅಂದರೆ ಕಡಿಮೆ ಅಂದರೂ 54 ಎಸೆತಗಳಲ್ಲಿ ರನ್ನೇ ಇಲ್ಲ. ಆರು ಓವರ್ ಪೂರ್ತಿ ಖಾಲಿ, ಉಳಿದ ನಾಲ್ಕು ಓವರ್‌ಗಳಲ್ಲಿ ಆ ಆರು ರನ್. ಇದು ಟೆಸ್ಟ್ ಅಲ್ಲ. ರನ್ ಹೊಡೆಯಲೇಬೇಕಾದ ಏಕದಿನ ಪಂದ್ಯ. ಹೊಡೆಯಲು ಹೋದವರು ಔಟಾದರು, ಕಾಯಲು ನಿಂತವರಿಗೆ ರನ್ ಬರಲಿಲ್ಲ.

ದಕ್ಷಿಣ ಆಫ್ರಿಕಾ 117ಕ್ಕೆ ಆಲೌಟ್. ಭಾರತ ಎಂಟು ವಿಕೆಟ್‌ಗಳಿಂದ ಗೆದ್ದಿತು.

ಅದೇ ಪಂದ್ಯದಲ್ಲಿ ಕರ್ನಾಟಕದ ಇನ್ನೊಬ್ಬ ಆಲ್‌ರೌಂಡರ್ ವಿಜಯ್ ಭಾರದ್ವಾಜ್ ಭಾರತದ ಪರ ಮೊದಲ ಸಲ ಆಡಿದರು, ಟೂರ್ನಿಯ ಶ್ರೇಷ್ಠ ಆಟಗಾರನೂ ಆದರು. ಆದರೆ ಫೈನಲ್‌ನಲ್ಲಿ ಭಾರತ ವೆಸ್ಟ್ ಇಂಡೀಸ್‌ಗೆ ಸೋತಿತು. ಕಪ್ ಬಾರದ ಟೂರ್ನಿಯನ್ನು ಯಾರು ನೆನಪಿಡುತ್ತಾರೆ? ಜೋಶಿಯ ಆ ಹತ್ತು ಓವರ್ ಮರೆವಿಗೆ ಸರಿದದ್ದು ಹೀಗೆ.

ಮೂರು ಲೆಕ್ಕ, ಮೂವರೂ ನಮ್ಮವರು

ಬೌಲಿಂಗ್‌ನಲ್ಲಿ ಕರ್ನಾಟಕ ಬರೆದ ಲೆಕ್ಕಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಆಶ್ಚರ್ಯ ಅನಿಸುತ್ತದೆ. 1993ರ ನವೆಂಬರ್‌ನಲ್ಲಿ ಕೋಲ್ಕತ್ತದ ಈಡನ್ ಗಾರ್ಡನ್ಸ್‌ನಲ್ಲಿ ಹೀರೋ ಕಪ್ ಫೈನಲ್. ಅನಿಲ್ ಕುಂಬ್ಳೆ ವೆಸ್ಟ್ ಇಂಡೀಸ್ ವಿರುದ್ಧ 12 ರನ್‌ಗೆ 6 ವಿಕೆಟ್. 1999ರಲ್ಲಿ ಜೋಶಿ, 6 ರನ್‌ಗೆ 5. 2014ರ ಜೂನ್‌ನಲ್ಲಿ ಢಾಕಾದಲ್ಲಿ ಸ್ಟುವರ್ಟ್ ಬಿನ್ನಿ ಬಾಂಗ್ಲಾದೇಶದ ವಿರುದ್ಧ 4 ರನ್‌ಗೆ 6. ಏಕದಿನದಲ್ಲಿ ಭಾರತದ ಅತ್ಯುತ್ತಮ ಬೌಲಿಂಗ್ ಲೆಕ್ಕ ಎಂದು ಕುಂಬ್ಳೆಯ ಸಾಧನೆ ಇಪ್ಪತ್ತು ವರ್ಷ ನಿಂತಿತ್ತು. ಅದನ್ನು ಮೀರಿಸಿದ್ದು ಬಿನ್ನಿ.

ಸ್ಟುವರ್ಟ್ ಅವರ ತಂದೆ ರೋಜರ್ ಬಿನ್ನಿ ಕೂಡ ಆಲ್‌ರೌಂಡರ್. 1983ರ ವಿಶ್ವಕಪ್ ಅಂದರೆ ಎಲ್ಲರೂ ಕಪಿಲ್ ದೇವ್ ಹಿಡಿದ ಕ್ಯಾಚ್ ಹೇಳುತ್ತಾರೆ. ಆ ವಿಶ್ವಕಪ್‌ನಲ್ಲಿ ಎಲ್ಲ ತಂಡಗಳಿಗಿಂತ ಹೆಚ್ಚು ವಿಕೆಟ್, 18, ಪಡೆದದ್ದು ರೋಜರ್ ಬಿನ್ನಿ. ಫೈನಲ್‌ನಲ್ಲಿ ಕ್ಲೈವ್ ಲಾಯ್ಡ್ ಅವರನ್ನು ಔಟ್ ಮಾಡಿದ್ದೂ ಅವರೇ. ಕ್ಯಾಚ್ ನೆನಪಿದೆ, ಬೌಲರ್ ಮರೆತುಹೋದ. ಬೌಲರ್‌ನ ಹಣೆಬರಹವೇ ಇದು.

ಕುಂಬ್ಳೆ, ಬಿನ್ನಿಗಳು ಬೆಂಗಳೂರಿನವರು. ಅವರ ಬೆವರನ್ನು ನಾವು ಕಡಿಮೆ ಮಾಡಿ ಹೇಳುತ್ತಿಲ್ಲ. ಆದರೆ ಅವರಿಗೆ ಕ್ಲಬ್, ಮೈದಾನ, ಆಯ್ಕೆಗಾರರು ಒಂದೇ ಊರಿನಲ್ಲಿ ಇದ್ದರು. ಆ ಸಾಲಿನಲ್ಲಿ ನಿಂತ ಜೋಶಿ ಮಾತ್ರ ದಿನಾ ಬೆಳಿಗ್ಗೆ ಇನ್ನೊಂದು ಊರಿಗೆ ಹೋಗಿ ಆಟ ಕಲಿತವರು.

ಢಾಕಾದ ಐದೂ ಮೂರೂ

ನೈರೋಬಿ ಒಂದು ದಿನದ ಅದೃಷ್ಟ ಅನ್ನುವವರಿಗೆ ಇನ್ನೊಂದು ಪಂದ್ಯ ಹೇಳುತ್ತೇವೆ. 2000ರ ನವೆಂಬರ್ 10, ಢಾಕಾ. ಬಾಂಗ್ಲಾದೇಶಕ್ಕೆ ಅದು ಜೀವನದ ಮೊದಲ ಟೆಸ್ಟ್. ಸೌರವ್ ಗಂಗೂಲಿಗೆ ನಾಯಕನಾಗಿ ಮೊದಲ ಟೆಸ್ಟ್. ಕುಂಬ್ಳೆ ಭುಜದ ಗಾಯದಿಂದ ಹೊರಗಿದ್ದರು.

ಹೊಸ ತಂಡ ಅಂತ ಭಾರತ ಸಲೀಸು ಅಂದುಕೊಂಡಿತ್ತೇನೋ. ಅಮಿನುಲ್ ಇಸ್ಲಾಂ 145 ಹೊಡೆದರು, ಬಾಂಗ್ಲಾದೇಶ 400 ಮಾಡಿತು. ಆ ಬಿಸಿಲಿನಲ್ಲಿ ಓವರ್ ಮೇಲೆ ಓವರ್ ಹಾಕಿ ಜೋಶಿ 142 ರನ್ ಕೊಟ್ಟು 5 ವಿಕೆಟ್ ತೆಗೆದರು. ಟೆಸ್ಟ್‌ನಲ್ಲಿ ಅವರ ಅತ್ಯುತ್ತಮ ಬೌಲಿಂಗ್ ಇದೇ. ನೈರೋಬಿಯಲ್ಲಿ ಆರು ರನ್‌ಗೆ ಐದು, ಇಲ್ಲಿ 142ಕ್ಕೆ ಐದು. ಎರಡಕ್ಕೂ ಬೇಕಾದ ತಾಳ್ಮೆ ಒಂದೇ.

ಆಮೇಲೆ ಭಾರತದ ಬ್ಯಾಟಿಂಗ್ ಇಕ್ಕಟ್ಟಿಗೆ ಸಿಕ್ಕಿಕೊಂಡಾಗ ಗಂಗೂಲಿ ಜೊತೆ ನಿಂತು ಜೋಶಿ 92 ರನ್ ಹೊಡೆದರು. ಶತಕಕ್ಕೆ ಎಂಟೇ ರನ್ ಕಡಿಮೆ. ಭಾರತ 429. ಎರಡನೇ ಇನ್ನಿಂಗ್ಸ್‌ನಲ್ಲಿ ಶ್ರೀನಾಥ್ ಮೂರು, ಜೋಶಿ ಮತ್ತೆ 27ಕ್ಕೆ ಮೂರು. ಬಾಂಗ್ಲಾದೇಶ 91ಕ್ಕೆ ಕುಸಿಯಿತು. ಭಾರತಕ್ಕೆ ಒಂಬತ್ತು ವಿಕೆಟ್ ಗೆಲುವು. ಎಂಟು ವಿಕೆಟ್, 92 ರನ್. ಪಂದ್ಯಶ್ರೇಷ್ಠ ಸುನಿಲ್ ಜೋಶಿ.

ಇಂಥ ಪಂದ್ಯ ಆಡಿದವರು ಆಮೇಲೆ ಎಷ್ಟು ವರ್ಷ ಟೆಸ್ಟ್ ಆಡಿರಬೇಕು? ಆ ವರ್ಷ ಮುಗಿಯುವುದರೊಳಗೆ ಅವರ ಟೆಸ್ಟ್ ಬದುಕೇ ಮುಗಿದಿತ್ತು. 2001ರ ಫೆಬ್ರವರಿ-ಮಾರ್ಚ್‌ನಲ್ಲಿ ಹರ್ಭಜನ್ ಸಿಂಗ್ ಆಸ್ಟ್ರೇಲಿಯಾ ವಿರುದ್ಧ ಮೂರು ಟೆಸ್ಟ್‌ಗಳಲ್ಲಿ 32 ವಿಕೆಟ್ ಪಡೆದರು. ಕುಂಬ್ಳೆ ಗುಣವಾಗಿ ಬಂದರು. ಮೂರನೆಯ ಸ್ಪಿನ್ನರ್‌ಗೆ ತಂಡದಲ್ಲಿ ಜಾಗ ಉಳಿಯಲಿಲ್ಲ.

ನಾವು ಅಭಿಮಾನಕ್ಕೆ ಸುಳ್ಳು ಹೇಳಬಾರದು. ಅಂತರರಾಷ್ಟ್ರೀಯ ಪಂದ್ಯಗಳಲ್ಲಿ ಜೋಶಿ ಪ್ರತಿ ಸಲವೂ ಮಿಂಚಲಿಲ್ಲ. ಟೆಸ್ಟ್ ಆಗಲಿ ಏಕದಿನ ಆಗಲಿ, ಒಂದು ವಿಕೆಟ್‌ಗೆ ಸುಮಾರು 36 ರನ್ ಕೊಟ್ಟಿದ್ದಾರೆ. ಅದು ದೊಡ್ಡ ಬೌಲರ್‌ಗಳ ಸರಾಸರಿ ಅಲ್ಲ. ಹರ್ಭಜನ್, ಕುಂಬ್ಳೆ ಅವರಿಗಿಂತ ಮುಂದಿದ್ದರು ಅನ್ನುವುದರಲ್ಲಿ ಅನ್ಯಾಯ ಹುಡುಕುವ ಅಗತ್ಯವಿಲ್ಲ.

ಆದರೆ ತಂಡದಿಂದ ಹೊರಬಿದ್ದ ಮೇಲೆ ಏನು ಮಾಡಿದರು ಅನ್ನುವುದು ಮುಖ್ಯ. ಮತ್ತೆ ರಣಜಿಗೆ ಹೋದರು. ಪೇಪರಿನಲ್ಲಿ ಫೋಟೋ ಬಾರದ ಪಂದ್ಯಗಳಲ್ಲಿ ಓವರ್ ಹಾಕಿದರು. 2012ರಲ್ಲಿ ನಿವೃತ್ತಿ ಹೇಳುವಾಗ ಪ್ರಥಮ ದರ್ಜೆ ಕ್ರಿಕೆಟ್‌ನಲ್ಲಿ ಅವರ ಲೆಕ್ಕ 160 ಪಂದ್ಯ, 615 ವಿಕೆಟ್, ಐದು ಸಾವಿರಕ್ಕೂ ಹೆಚ್ಚು ರನ್. ನಂತರ ಬೇರೆ ರಾಜ್ಯಗಳಿಗೆ ಕೋಚ್ ಆದರು, ಬಾಂಗ್ಲಾದೇಶದ ಸ್ಪಿನ್ನರ್‌ಗಳಿಗೇ ಪಾಠ ಹೇಳಿದರು. 2020ರಲ್ಲಿ ಭಾರತ ತಂಡದ ಆಯ್ಕೆ ಸಮಿತಿಯ ಅಧ್ಯಕ್ಷರಾದರು. ಗದಗದ ಹುಡುಗ ತಂಡ ಆರಿಸುವ ಕುರ್ಚಿಯಲ್ಲಿ ಕುಳಿತ.

ನಮ್ಮ ದೂರ ಎಷ್ಟು?

ಇಷ್ಟು ಹೇಳಿದ್ದು ಹಳೆಯ ಸ್ಕೋರ್ ಓದುವ ಹುಚ್ಚಿಗಲ್ಲ. ನಮ್ಮ ಜೊತೆ ಇದೇ ಕ್ಯಾಂಪಿನ ಬಯಲಿನಲ್ಲಿ ಒಬ್ಬ ಎಡಗೈ ಹುಡುಗ ಆಡುತ್ತಿದ್ದ. ಅವನ ಚೆಂಡು ಕರಿಮಣ್ಣಿನ ಬಿರುಕಿಗೆ ಬಿದ್ದರೆ ಹಾವಿನ ಹಾಗೆ ಹೊರಳುತ್ತಿತ್ತು. ನಮ್ಮಲ್ಲಿ ಯಾರಿಗೂ ಅವನನ್ನು ಸರಿಯಾಗಿ ಆಡಲು ಬರುತ್ತಿರಲಿಲ್ಲ. ಒಮ್ಮೆ ರಾಯಚೂರಿನಲ್ಲಿ ಆಯ್ಕೆ ಇದೆ ಅಂತ ಸುದ್ದಿ ಬಂತು. ಇಲ್ಲಿಂದ ಸುಮಾರು ನೂರು ಕಿಲೋಮೀಟರ್. ಬಿಳಿ ಬಟ್ಟೆ ಇರಲಿಲ್ಲ, ಒಬ್ಬರ ಹತ್ತಿರ ಅಂಗಿ, ಇನ್ನೊಬ್ಬರ ಹತ್ತಿರ ಪ್ಯಾಂಟ್ ಕಡ ತಂದೆವು. ಶೂ ಮಾತ್ರ ಅಳತೆಗೆ ಸಿಗಲಿಲ್ಲ. ಬೆಳಗಿನ ಬಸ್ ತಪ್ಪಿತು, ಅವನು ಮುಟ್ಟುವುದರೊಳಗೆ ಹೆಸರು ಬರೆದುಕೊಳ್ಳುವುದು ಮುಗಿದಿತ್ತು. ಮರುವರ್ಷ ಅವನ ಮನೆಯವರು ಬೆಂಗಳೂರಿಗೆ ಗುಳೆ ಹೋದರು. ಅವನೂ ಹೋದ. ಕೊನೆಗೂ ಬೆಂಗಳೂರು ಮುಟ್ಟಿದ, ಇಟ್ಟಿಗೆ ಹೊರಲಿಕ್ಕೆ.

ಜೋಶಿಗೂ ಅವನಿಗೂ ಹೋಲಿಕೆ ಮಾಡುವುದು ಸರಿಯಲ್ಲ, ನಮಗೆ ಗೊತ್ತು. ಅವನು ಭಾರತಕ್ಕೆ ಆಡುತ್ತಿದ್ದ ಅಂತಲೂ ನಾವು ಹೇಳುವುದಿಲ್ಲ. ಆಡಬಲ್ಲನೇ ಇಲ್ಲವೇ ಅನ್ನುವುದನ್ನು ನೋಡಲು ಒಬ್ಬರೂ ಇರಲಿಲ್ಲ ಅನ್ನುವುದಷ್ಟೇ ನಮ್ಮ ನೋವು. ದಿನಾ ಅರವತ್ತು ಕಿಲೋಮೀಟರ್ ಹೋಗಿ ಬರಲು ಹುಡುಗನ ಛಲ ಒಂದೇ ಸಾಲದು. ಮನೆಯಲ್ಲಿ ಬಸ್ ಚಾರ್ಜಿಗೆ ದುಡ್ಡಿರಬೇಕು, ಆ ಹೊತ್ತಿಗೆ ಗಾಡಿ ಇರಬೇಕು, ಹೋದಲ್ಲಿ ಕಲಿಸುವವರು ಇರಬೇಕು. ತಾಲ್ಲೂಕಿಗೆ ಒಂದು ಸರಿಯಾದ ಪಿಚ್, ವಾರಕ್ಕೆ ಎರಡು ದಿನ ಬರುವ ಒಬ್ಬ ಕೋಚ್. ಶಹಾಪುರ, ಸುರಪುರದ ಹುಡುಗರು ಕೇಳುವುದು ಇಷ್ಟೇ. ಇದು ಅಸಾಧ್ಯದ ಮಾತಲ್ಲ.

ಮೊಬೈಲ್‌ನಲ್ಲಿ ಅಂಕಿ ನೋಡಿ “ಇಷ್ಟೇನಾ?” ಅಂದ ಹುಡುಗನಿಗೆ ಮುಂದಿನ ಭಾನುವಾರ ನೈರೋಬಿಯ ಲೆಕ್ಕ ಬಿಡಿಸಿ ಹೇಳಿದೆವು. 60 ಎಸೆತ, 54 ಖಾಲಿ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಕೇಳಿದ: “ಒಂದು ಓವರ್‌ನಾಗ ಒಂದೂ ರನ್ ಕೊಡದಂಗ ಹಾಕೂದು ಅಷ್ಟು ಕಷ್ಟ ಏನಣ್ಣ?”

ಹಾಕಿ ನೋಡು ಅಂದೆವು. ಮೊದಲನೇ ಚೆಂಡೇ ಬೇಲಿ ದಾಟಿತು.

ಈಗ ನಮ್ಮ ಬಯಲಿನಲ್ಲಿ ಹೊಸ ನಿಯಮ ಬಂದಿದೆ. ಮೇಡನ್ ಓವರ್ ಹಾಕಿದವನಿಗೆ ಮುಂದಿನ ಪಂದ್ಯದಲ್ಲಿ ಮೊದಲ ಬ್ಯಾಟಿಂಗ್. ಮೂರು ವಾರ ಆಯಿತು, ಇನ್ನೂ ಯಾರೂ ಹಾಕಿಲ್ಲ. ಆದರೆ ಬೌಲಿಂಗ್‌ಗೆ ಈಗ ಪಾಳಿ ಹಚ್ಚಿ ನಿಲ್ಲುತ್ತಿದ್ದಾರೆ.