ಮೇಲ್ವಿಚಾರಕರೋ, ಮಕ್ಕಳ ಮಿತ್ರರೋ? ಕೆರಾಡಿಯಿಂದ ಕಂಡ ಗ್ರಾಮ ಗ್ರಂಥಾಲಯದ ಮಕ್ಕಳ ಸೇವೆ

ಗ್ರಾಮ ಪಂಚಾಯತ್‌ನ ಮನೆತೆರಿಗೆ ರಸೀದಿಯನ್ನು ಪೂರ್ತಿ ಓದುವವರು ಕಡಿಮೆ. ಮೂಲ ತೆರಿಗೆಯ ಕೆಳಗೆ ಕೆಲವು ಸಣ್ಣ ಸಾಲುಗಳಿರುತ್ತವೆ: ಆರೋಗ್ಯ ಕರ ಶೇ 15, ಶಿಕ್ಷಣ ಕರ ಶೇ 10, ಗ್ರಂಥಾಲಯ ಕರ ಶೇ 6, ಭಿಕ್ಷುಕರ ಕರ ಶೇ 3. ವರ್ಷಕ್ಕೆ 500 ರೂಪಾಯಿ ತೆರಿಗೆ ಕಟ್ಟುವ ಮನೆಯಿಂದ ಗ್ರಂಥಾಲಯಕ್ಕೆ ಸಲ್ಲುವುದು 30 ರೂಪಾಯಿ. ಮಕ್ಕಳ ಒಂದು ಬಣ್ಣದ ಪುಸ್ತಕ ಕೊಳ್ಳಲು ಕೆಲವೊಮ್ಮೆ ಅಷ್ಟೂ ಸಾಲುವುದಿಲ್ಲ. ಆದರೂ ಈ ಸಾಲಿಗೊಂದು ಮಹತ್ವವಿದೆ. 'ಸರ್ಕಾರದ ಲೈಬ್ರರಿ' ಎಂದು ನಾವು ಕರೆಯುವುದು ಊರವರೇ ದುಡ್ಡು ಕೊಟ್ಟು ನಡೆಸುವ ಸಂಸ್ಥೆ ಎಂಬುದಕ್ಕೆ ಇದಕ್ಕಿಂತ ಬೇರೆ ಪುರಾವೆ ಬೇಡ.

ಹಣ ಎಷ್ಟೇ ಕಡಿಮೆಯಿರಲಿ, ಅದು ಬರುವ ದಾರಿ ಕಾನೂನಿನಲ್ಲಿ ಬರೆದಿದೆ. ಗ್ರಂಥಾಲಯದಲ್ಲಿ ಮಕ್ಕಳ ಜತೆ ದಿನವಿಡೀ ಇರಬೇಕಾದ ಮನುಷ್ಯನನ್ನು ಸಜ್ಜುಗೊಳಿಸಲು ಮಾತ್ರ ಅಂಥ ದಾರಿಯೊಂದು ನಮ್ಮಲ್ಲಿ ಗಟ್ಟಿಯಾಗಿಲ್ಲ. ಆ ತರಬೇತಿಗೆ ಬೇಕಾದ ಒಂದು ಮಾದರಿ ಸುಮಾರು ಮೂರು ದಶಕಗಳ ಹಿಂದೆಯೇ ಕುಂದಾಪುರ ತಾಲ್ಲೂಕಿನಲ್ಲಿ, ಕೆರಾಡಿಯಂಥ ಪಂಚಾಯತ್‌ಗಳಲ್ಲಿ ರೂಪುಗೊಂಡಿತ್ತು ಎಂಬುದು ಈ ಲೇಖನದ ವಾದ. ಅದು ಗ್ರಂಥಾಲಯದ ಒಳಗೆ ಹುಟ್ಟಲಿಲ್ಲ. ಗ್ರಂಥಾಲಯ ಕುರಿತ ಚರ್ಚೆಗಳಲ್ಲಿ ಅದರ ಹೆಸರು ಅಪರೂಪವಾಗಲು ಅದೇ ಕಾರಣವಿರಬಹುದು.

ಮೊದಲು ಸ್ವಲ್ಪ ಇತಿಹಾಸ. ಕರ್ನಾಟಕದ ಸಾರ್ವಜನಿಕ ಗ್ರಂಥಾಲಯಗಳ ಕಥೆಯನ್ನು 1965ರ ಕಾಯ್ದೆಯಿಂದ ಆರಂಭಿಸುವುದು ರೂಢಿ. ಕರಾವಳಿಯ ಮಟ್ಟಿಗೆ ಅದು ಸರಿಯಲ್ಲ. ಕುಂದಾಪುರ ಅದಕ್ಕೂ ಮೊದಲು ಮದ್ರಾಸ್ ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತು. ಗ್ರಂಥಾಲಯ ವಿಜ್ಞಾನಿ ಎಸ್.ಆರ್. ರಂಗನಾಥನ್ ಅವರ ಪ್ರಯತ್ನದ ಫಲವಾಗಿ ಬಂದ 1948ರ ಮದ್ರಾಸ್ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಇಲ್ಲಿಗೂ ಅನ್ವಯಿಸುತ್ತಿತ್ತು. ಸ್ವತಂತ್ರ ಭಾರತದಲ್ಲಿ ಈ ಬಗೆಯ ಮೊದಲ ಕಾಯ್ದೆಯೇ ಅದು. ಜಿಲ್ಲೆಗೊಂದು ಸ್ಥಳೀಯ ಗ್ರಂಥಾಲಯ ಪ್ರಾಧಿಕಾರ ಮತ್ತು ಆಸ್ತಿ ತೆರಿಗೆಯ ಪ್ರತಿ ರೂಪಾಯಿಗೆ ಆರು ಪೈ ಕರವನ್ನು ಅದು ವಿಧಿಸಿತ್ತು. 192 ಪೈ ಸೇರಿ ಒಂದು ರೂಪಾಯಿಯಾಗುತ್ತಿದ್ದ ಕಾಲ. ಅಂದರೆ ಮೂವತ್ತೆರಡರಲ್ಲಿ ಒಂದು ಪಾಲು. ಹಳೆ ಮೈಸೂರಿನವರು ಗ್ರಂಥಾಲಯ ಕರದ ಹೆಸರು ಕೇಳುವ ಮೊದಲೇ ಕರಾವಳಿಯವರು ಅದನ್ನು ಕಟ್ಟಬೇಕಾದ ಕಾನೂನು ಜಾರಿಯಲ್ಲಿತ್ತು.

ಆ ಕಾಯ್ದೆಯಲ್ಲಾಗಲಿ 1965ರ ಕಾಯ್ದೆಯಲ್ಲಾಗಲಿ ಮಕ್ಕಳು ಬೇರೆಯಾಗಿ ಎದ್ದು ಕಾಣುವುದಿಲ್ಲ. ನಗರಗಳಲ್ಲಿ ಮಕ್ಕಳ ವಿಭಾಗಗಳು ಬಂದವು. ಬೆಂಗಳೂರಿನ ಕಬ್ಬನ್ ಪಾರ್ಕಿನಲ್ಲಿ ಇಂದಿರಾ ಪ್ರಿಯದರ್ಶಿನಿ ಮಕ್ಕಳ ಗ್ರಂಥಾಲಯವೇ ಇದೆ. ಹಳ್ಳಿಗಳಲ್ಲಿ ಒಂದು ಕೋಣೆ, ಒಂದು ಮೇಜು, ಎರಡು ದಿನಪತ್ರಿಕೆ, ಅವನ್ನು ಓದುವ ಹಿರಿಯರು. ಅಲ್ಲಿ ಕೂತವರ ಹುದ್ದೆಯ ಹೆಸರು 'ಗ್ರಂಥಾಲಯ ಮೇಲ್ವಿಚಾರಕರು'. ಪುಸ್ತಕ ಕಳೆಯದಂತೆ, ಕುರ್ಚಿ ಮುರಿಯದಂತೆ ನೋಡಿಕೊಳ್ಳುವುದಕ್ಕೆ ಹೆಸರು ಸರಿಹೊಂದುತ್ತಿತ್ತು. ಗೌರವಧನಕ್ಕೆ ದುಡಿದು, ದಿನದ ಉಳಿದ ಹೊತ್ತು ಬೇರೆ ಕಸುಬು ಮಾಡಿ ಬದುಕು ಸಾಗಿಸಿದವರೇ ಈ ವ್ಯವಸ್ಥೆಯನ್ನು ಇಷ್ಟು ವರ್ಷ ಹೊತ್ತವರು. ಇದನ್ನು ಮರೆತು ಅವರ ಕೌಶಲದ ಕೊರತೆಯನ್ನು ಮಾತ್ರ ಎತ್ತಿ ತೋರಿಸುವುದು ಅನ್ಯಾಯ.

2019ರಲ್ಲಿ ಐದೂವರೆ ಸಾವಿರಕ್ಕೂ ಹೆಚ್ಚು ಗ್ರಾಮ ಗ್ರಂಥಾಲಯಗಳು ಗ್ರಂಥಾಲಯ ಇಲಾಖೆಯಿಂದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯ ಸುಪರ್ದಿಗೆ ಬಂದವು. ಮರುವರ್ಷ ಕೊರೋನಾ, ಬಾಗಿಲು ಮುಚ್ಚಿದ ಶಾಲೆಗಳು. 2020ರ ನವೆಂಬರ್‌ನಲ್ಲಿ 'ಓದುವ ಬೆಳಕು' ಕಾರ್ಯಕ್ರಮ ಆರಂಭವಾಗಿ 6ರಿಂದ 18 ವರ್ಷದ ಮಕ್ಕಳಿಗೆ ಸದಸ್ಯತ್ವ ಉಚಿತವಾಯಿತು. 'ಪುಸ್ತಕ ಜೋಳಿಗೆ'ಯ ಮೂಲಕ ಊರವರಿಂದ ಪುಸ್ತಕಗಳನ್ನು ಬೇಡಿ ತರಲಾಯಿತು. 2023ರಲ್ಲಿ ಗ್ರಂಥಾಲಯದ ಹೆಸರೇ 'ಅರಿವು ಕೇಂದ್ರ' ಎಂದಾಯಿತು. ಮೇಲ್ವಿಚಾರಕರ ಹುದ್ದೆಯ ಹೆಸರು ಉಳಿಯಿತು, ಕೆಲಸ ಪೂರ್ತಿ ಬದಲಾಯಿತು. ನಿನ್ನೆಯವರೆಗೆ ಪೇಪರ್ ಓದುವ ಅಜ್ಜಂದಿರನ್ನು ಕಂಡವರ ಮುಂದೆ ಇವತ್ತು ಗಟ್ಟಿಯಾಗಿ ಓದಿ ಹೇಳಬೇಕಾದ ಏಳು ವರ್ಷದ ಮಗುವೂ ಪರೀಕ್ಷೆಗೆ ಓದುವ ಹದಿನೇಳರ ಹುಡುಗಿಯೂ ಒಂದೇ ಬೆಂಚಿನಲ್ಲಿ ಕೂತಿದ್ದಾರೆ. ಅಮೆರಿಕದಂಥ ಕಡೆ ಮಕ್ಕಳ ಗ್ರಂಥಪಾಲನೆ ನೂರು ವರ್ಷ ಹಳೆಯ ವೃತ್ತಿ. ನ್ಯೂಯಾರ್ಕ್ ಸಾರ್ವಜನಿಕ ಗ್ರಂಥಾಲಯದಲ್ಲಿ ಆನ್ ಕ್ಯಾರೊಲ್ ಮೂರ್ ಮಕ್ಕಳ ವಿಭಾಗದ ಹೊಣೆ ಹೊತ್ತದ್ದು 1906ರಲ್ಲಿ. ನಮ್ಮಲ್ಲಿ ಅದೇ ವೃತ್ತಿ, ಹೆಸರಿಲ್ಲದೆ, ಒಂದು ಸುತ್ತೋಲೆಯ ಬೆನ್ನಿಗೆ ಸಾವಿರಾರು ಜನರ ಹೆಗಲೇರಿತು.

ಇವರಿಗೆ ಸಿಕ್ಕ ನೆರವೇನು? ಸಾಧನಗಳ ಕಡೆ ನೋಡಿದರೆ ಚಿತ್ರ ಅಷ್ಟು ನಿರಾಶಾದಾಯಕವಲ್ಲ. ಶಿಕ್ಷಣ ಫೌಂಡೇಶನ್ ಡೆಲ್ ಕಂಪನಿಯ ನೆರವಿನೊಂದಿಗೆ ನಡೆಸಿದ 'ಗ್ರಾಮ ಡಿಜಿ ವಿಕಸನ' ಅನೇಕ ಗ್ರಂಥಾಲಯಗಳಿಗೆ ಟಿವಿ, ಮೊಬೈಲ್‌ಗಳನ್ನೂ ಅವನ್ನು ಬಳಸುವ ತರಬೇತಿಯನ್ನೂ ಒದಗಿಸಿತು. 2004ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಪ್ರಥಮ್ ಬುಕ್ಸ್ 2015ರಿಂದ ಸ್ಟೋರಿವೀವರ್ ತಾಣದಲ್ಲಿ ಕನ್ನಡವೂ ಸೇರಿದಂತೆ ಹಲವು ಭಾಷೆಗಳ ಕಥೆಗಳನ್ನು ಮುಕ್ತ ಪರವಾನಗಿಯಲ್ಲಿ ಇಟ್ಟಿದೆ. ಅವನ್ನು ಯಾರು ಬೇಕಾದರೂ ಮುದ್ರಿಸಿ ಹಂಚಬಹುದು, ತಮ್ಮ ಭಾಷೆಗೆ ತಿರುಗಿಸಲೂಬಹುದು. ಅನುದಾನದ ವಿಷಯಕ್ಕೆ ಬಂದರೆ, 1972ರಲ್ಲಿ ಕೋಲ್ಕತ್ತದಲ್ಲಿ ಸ್ಥಾಪನೆಯಾದ ರಾಜಾ ರಾಮಮೋಹನ ರಾಯ್ ಗ್ರಂಥಾಲಯ ಪ್ರತಿಷ್ಠಾನ ಸಾರ್ವಜನಿಕ ಗ್ರಂಥಾಲಯಗಳ ಮಕ್ಕಳ ವಿಭಾಗಕ್ಕೆಂದೇ ನೆರವಿನ ಯೋಜನೆ ಇಟ್ಟುಕೊಂಡಿದೆ. ಆದರೆ ಪ್ರತಿಷ್ಠಾನದ ವ್ಯವಹಾರ ಬಹುಪಾಲು ರಾಜ್ಯಗಳ ಗ್ರಂಥಾಲಯ ಇಲಾಖೆಗಳ ಮೂಲಕ. ಹಳ್ಳಿಯ ಗ್ರಂಥಾಲಯ ಈಗ ಇನ್ನೊಂದು ಇಲಾಖೆಯ ಮಗು. ಎರಡು ಮನೆಗಳ ನಡುವಿನ ಅಂಗಳದಲ್ಲಿ ನೆರವಿನ ಅರ್ಜಿಗಳು ಒದ್ದೆಯಾಗುವುದು ಹೊಸದೇನಲ್ಲ.

ಮಕ್ಕಳ ಜತೆ ಕೆಲಸ ಮಾಡುವ ತರಬೇತಿಯದೇ ಕೊರತೆ. ಗ್ರಂಥಾಲಯ ವಿಜ್ಞಾನದ ಸರ್ಟಿಫಿಕೇಟ್ ಕೋರ್ಸಿನಲ್ಲಿ ವರ್ಗೀಕರಣ, ಸೂಚೀಕರಣಕ್ಕೆ ಸಿಗುವ ಮಹತ್ವ ಬಾಲಸಾಹಿತ್ಯಕ್ಕೆ ಸಿಗುವುದಿಲ್ಲ. ಕೆಲವೇ ನೂರು ಪುಸ್ತಕಗಳ ಕೋಣೆಯಲ್ಲಿ ದಶಮಾಂಶ ವರ್ಗೀಕರಣಕ್ಕಿಂತ ಯಾವ ಪುಸ್ತಕ ಯಾವ ಮಗುವಿನ ಕೈಗೆ ಎಂಬ ತಿಳಿವಳಿಕೆ ದೊಡ್ಡದು. ಮೈಸೂರಿನ ಅಬ್ದುಲ್ ನಜೀರ್ ಸಾಬ್ ರಾಜ್ಯ ಗ್ರಾಮೀಣಾಭಿವೃದ್ಧಿ ಸಂಸ್ಥೆ ಪಂಚಾಯತ್ ಸಿಬ್ಬಂದಿಯ ತರಬೇತಿಗೆ ಇರುವ ಮುಖ್ಯ ನೆಲೆ. ಅಲ್ಲಿಯ ಪಾಠಗಳ ಒಲವು ಸಹಜವಾಗಿಯೇ ಆಡಳಿತದ ಕಡೆಗೆ. ಟಾಟಾ ಟ್ರಸ್ಟ್‌ನ ಪರಾಗ್ ಕಾರ್ಯಕ್ರಮದ 'ಲೈಬ್ರರಿ ಎಜುಕೇಟರ್ಸ್ ಕೋರ್ಸ್' ಮಕ್ಕಳು ಮತ್ತು ಪುಸ್ತಕಗಳ ಸಂಬಂಧವನ್ನೇ ಪಾಠವಾಗಿಸಿದೆ. ಹಿಂದಿ, ಇಂಗ್ಲಿಷ್‌ಗಳಲ್ಲಿ ಬೆಳೆದ ಅದು ಕುಂದಾಪುರದ ವಂಡ್ಸೆ ಕಡೆಯ ಮೇಲ್ವಿಚಾರಕಿಗೆ ಎಷ್ಟರಮಟ್ಟಿಗೆ ಎಟುಕೀತು?

ಈ ಕೊರತೆಗೆ ಉತ್ತರ ಹುಡುಕಲು ಇನ್ನು ಕೆರಾಡಿಗೆ ಬರೋಣ. ಮೂಡುಗಲ್ಲಿನ ಗುಹಾ ದೇವಾಲಯದಿಂದ, ಇತ್ತೀಚೆಗೆ 'ಕಾಂತಾರ' ಸಿನಿಮಾದಿಂದ ಹೊರಗಿನವರು ಬಲ್ಲ ಊರು. ಘಟ್ಟದ ಬುಡದಲ್ಲಿ, ಹಾಡಿ ಗದ್ದೆಗಳ ನಡುವೆ ಒಂದೊಂದಾಗಿ ಚದುರಿದ ಮನೆಗಳು. ಮಕ್ಕಳ ವಿಷಯದಲ್ಲಿ ಈ ಊರಿನ ಹೆಸರು ಸಿನಿಮಾಕ್ಕಿಂತ ಬಹಳ ಮೊದಲೇ ಹೊರಜಗತ್ತಿಗೆ ತಿಳಿದಿತ್ತು. 'ದಿ ಕನ್ಸರ್ನ್ಡ್ ಫಾರ್ ವರ್ಕಿಂಗ್ ಚಿಲ್ಡ್ರನ್' ಸಂಸ್ಥೆ ಮತ್ತು ದುಡಿಯುವ ಮಕ್ಕಳ ಸಂಘಟನೆ ಭೀಮ ಸಂಘ 1990ರ ದಶಕದ ನಡುವೆ ಕುಂದಾಪುರ ತಾಲ್ಲೂಕಿನಲ್ಲಿ ಮಕ್ಕಳ ಪಂಚಾಯತ್‌ಗಳನ್ನು ಕಟ್ಟಿದವು. ಆರಂಭದ ಆ ಪಂಚಾಯತ್‌ಗಳಲ್ಲಿ ಕೆರಾಡಿಯೂ ಒಂದು. ಶಾಲೆಗೆ ಹೋಗುವವರು, ಹೋಗದವರು ಎಂಬ ಭೇದವಿಲ್ಲದೆ ಮಕ್ಕಳೇ ಮತ ಹಾಕಿ ತಮ್ಮ ಪ್ರತಿನಿಧಿಗಳನ್ನು ಆರಿಸಿದರು. ಊರಿನ ಸಮೀಕ್ಷೆ ಮಾಡಿದರು, ನಕ್ಷೆ ಬರೆದರು, ಅಂಕಿಅಂಶ ಹಿಡಿದು ದೊಡ್ಡವರ ಪಂಚಾಯತ್ ಮುಂದೆ ಕೂತರು. 2004ರ ಹೊತ್ತಿಗೆ ತಾಲ್ಲೂಕಿನ 56 ಗ್ರಾಮ ಪಂಚಾಯತ್‌ಗಳಲ್ಲಿ ಪಂಚವಾರ್ಷಿಕ ಯೋಜನೆಗೆ ಮಕ್ಕಳ ಪಾಲೂ ಸೇರಿತು. 2006ರಲ್ಲಿ ಮಕ್ಕಳ ಗ್ರಾಮ ಸಭೆ ನಡೆಸುವಂತೆ ರಾಜ್ಯ ಸರ್ಕಾರ ಎಲ್ಲ ಪಂಚಾಯತ್‌ಗಳಿಗೂ ಸೂಚಿಸಿದ್ದರ ಹಿಂದೆ ಈ ಅನುಭವವಿದೆ.

ನಮ್ಮ ವಿಷಯಕ್ಕೆ ಬೇಕಾದ್ದು ಈ ವ್ಯವಸ್ಥೆಯ ಒಂದು ಸಣ್ಣ ಅಂಗ: 'ಮಕ್ಕಳ ಮಿತ್ರ'. ಊರಿನ ಹಿರಿಯರಲ್ಲಿ ತಮ್ಮ ಮಾತು ಕೇಳಬಲ್ಲ ಒಬ್ಬರನ್ನು ಮಕ್ಕಳೇ ಆರಿಸಿಕೊಳ್ಳುತ್ತಿದ್ದರು. ಮಿತ್ರರ ಕೆಲಸ ಮಕ್ಕಳನ್ನು ನಡೆಸುವುದಲ್ಲ, ಮಕ್ಕಳ ಜತೆ ನಡೆಯುವುದು. ಮಗು ಹೇಳಿದ್ದನ್ನು ತನ್ನ ಮಾತಾಗಿಸಿಕೊಳ್ಳದೆ ಕೇಳುವುದು, ಕಚೇರಿಯ ಬಾಗಿಲವರೆಗೆ ದಾರಿ ಮಾಡಿಕೊಡುವುದು. ಮಕ್ಕಳ ಗ್ರಂಥಪಾಲಕರಿಗೆ ಬೇಕಾದ ಗುಣಗಳ ಪಟ್ಟಿ ಮಾಡಿದರೆ ಬಹುತೇಕ ಇವೇ ಬರುತ್ತವೆ. ಪುಸ್ತಕವನ್ನು ಆಮೇಲೆ ಕಲಿಸಬಹುದು. ಕೇಳುವುದನ್ನು ಕಲಿಸುವುದು ಕಷ್ಟ.

ಕೇಳುವುದು ಏಕೆ ಮುಖ್ಯ ಎಂಬುದಕ್ಕೆ ಕಾಲುಸಂಕದ, ಅಂದರೆ ಹೊಳೆ ದಾಟುವ ಕಿರುಸೇತುವೆಯ, ಉದಾಹರಣೆ ನೋಡಿ. ಮಳೆಗಾಲದಲ್ಲಿ ಇಲ್ಲಿಯ ಮಕ್ಕಳು ಶಾಲೆಗೆ ಹೋಗುವುದೂ ಬಿಡುವುದೂ ಹೊಳೆಯ ನೀರಿಗೆ, ಮರದ ಸಂಕದ ಗಟ್ಟಿತನಕ್ಕೆ ಬಿಟ್ಟದ್ದು. 2022ರ ಆಗಸ್ಟ್‌ನಲ್ಲಿ ಬೈಂದೂರಿನ ಕಾಲ್ತೋಡಿನಲ್ಲಿ ಶಾಲೆಯಿಂದ ಮರಳುತ್ತಿದ್ದ ಪುಟ್ಟ ಹುಡುಗಿ ಕಾಲುಸಂಕದಿಂದ ಬಿದ್ದು ತೀರಿಕೊಂಡಳು. ಹೀಗಿರುವಾಗ ಗ್ರಂಥಾಲಯದ ವೇಳೆಯನ್ನು ಬೆಂಗಳೂರಿನಲ್ಲಿ ಕೂತು ನಿಗದಿಪಡಿಸಿ, 'ಮಕ್ಕಳ ಹಾಜರಿ ಏಕೆ ಕಡಿಮೆ' ಎಂದು ನಮೂನೆಯಲ್ಲಿ ಕೇಳಿದರೆ ಮೇಲ್ವಿಚಾರಕರು ಏನು ಬರೆಯಬೇಕು? ಯಾವ ಮಗು ಯಾವ ತೋಡು ದಾಟಿ ಬರಬೇಕು, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಯಾರ ಮನೆಗೆ ಪುಸ್ತಕವೇ ನಡೆದು ಹೋಗಬೇಕು ಎಂಬುದನ್ನು ಮಕ್ಕಳೇ ನಕ್ಷೆ ಬರೆದು ತೋರಿಸಬಲ್ಲರು. ಅಂಥ ನಕ್ಷೆ ಈ ತಾಲ್ಲೂಕಿನ ಮಕ್ಕಳಿಗೆ ಹೊಸದಲ್ಲ. ಪುಸ್ತಕ ತಾನೇ ಓದುಗರತ್ತ ಹೋಗುವುದೂ ಹೊಸ ಕಲ್ಪನೆಯಲ್ಲ. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲೇ ಬರೋಡ ಸಂಸ್ಥಾನ ಪೆಟ್ಟಿಗೆಗಳಲ್ಲಿ ಪುಸ್ತಕ ತುಂಬಿ ಹಳ್ಳಿಗಳಿಗೆ ಕಳಿಸುತ್ತಿತ್ತು.

ಭಾಷೆಯದೂ ಒಂದು ಮಾತಿದೆ. ಕೋಟದಲ್ಲಿ ಹುಟ್ಟಿದ ಶಿವರಾಮ ಕಾರಂತರು ಮಕ್ಕಳ ವಿಶ್ವಕೋಶ 'ಬಾಲ ಪ್ರಪಂಚ'ದಂಥ ದೊಡ್ಡ ಕೆಲಸ ಮಾಡಿದ ಕರಾವಳಿ ಇದು. ಆದರೂ ಗ್ರಂಥಾಲಯದ ಕಪಾಟಿನ ಕನ್ನಡ ಇಲ್ಲಿಯ ಮಗುವಿಗೆ ಅರ್ಧ ಪರಭಾಷೆ. ಮನೆಯಲ್ಲಿ 'ಗಂಟಿ' ಎನ್ನುವುದನ್ನು ಪುಸ್ತಕ 'ದನಕರು' ಎನ್ನುತ್ತದೆ. ಮನೆಮಾತೇ ಬೇರೆಯಾದ ಕುಡುಬಿ, ಕೊರಗ ಮನೆಗಳ ಮಕ್ಕಳಿಗೆ ಈ ಅಂತರ ಇನ್ನೂ ಒಂದು ಹೆಜ್ಜೆ ಹೆಚ್ಚು. ಗಟ್ಟಿ ಓದಿನ ಹೊತ್ತಿನಲ್ಲಿ ಪುಟದ ಕನ್ನಡದಿಂದ ಇಲ್ಲಿಯ ಆಡುನುಡಿಯಾದ ಕುಂದಗನ್ನಡಕ್ಕೆ ಜಾರಿ ಮತ್ತೆ ಪುಟಕ್ಕೆ ಮರಳುವುದನ್ನು ತಪ್ಪು ಎನ್ನದೆ ಕೌಶಲ ಎಂದು ಗುರುತಿಸುವ ತರಬೇತಿ ಬೇಕು. ಸ್ಟೋರಿವೀವರ್‌ನ ಮುಕ್ತ ಪರವಾನಗಿ ಇಲ್ಲಿ ನಿಜಕ್ಕೂ ಉಪಯೋಗಕ್ಕೆ ಬರುತ್ತದೆ: ಒಂದು ಕಥೆಯನ್ನು ಮಕ್ಕಳೇ ಕುಂದಗನ್ನಡಕ್ಕೆ ತಿರುಗಿಸಿ, ಹೊಲಿದು, ಕಪಾಟಿನಲ್ಲಿಡಲು ಯಾರ ಅಪ್ಪಣೆಯೂ ಬೇಡ.

ಈ ವಾದಕ್ಕೆ ಬರಬಹುದಾದ ಆಕ್ಷೇಪ ನನಗೆ ಗೊತ್ತು. ಮಕ್ಕಳ ಪಂಚಾಯತ್ ಒಂದು ಸ್ವಯಂಸೇವಾ ಸಂಸ್ಥೆಯ ಹುರುಪಿನಿಂದ, ವರ್ಷಗಳ ಕಾಲ ಊರಲ್ಲೇ ನೆಲೆನಿಂತ ಕಾರ್ಯಕರ್ತರಿಂದ ನಡೆದದ್ದು. ಎರಡು ದಿನದ ಕಾರ್ಯಾಗಾರದಲ್ಲಿ ಅದನ್ನು ಸಾವಿರಾರು ಜನರಿಗೆ ದಾಟಿಸಲಾಗದು. ಮಕ್ಕಳ ಗ್ರಾಮ ಸಭೆಯೇ ಎಷ್ಟೋ ಕಡೆ ಭಾಷಣ, ಬಿಸ್ಕತ್ತು, ಫೋಟೋಗಳಿಗೆ ಇಳಿದಿರುವುದನ್ನು ನೋಡಿದರೆ ಸುತ್ತೋಲೆ ಮುಟ್ಟಿದ್ದೆಲ್ಲ ತೆಳುವಾಗುತ್ತದೆ ಎಂಬ ಭಯ ಸುಳ್ಳಲ್ಲ. ಅದಕ್ಕೇ ನನ್ನ ಸಲಹೆ ಸಣ್ಣದು. ತರಬೇತಿ ರಾಜಧಾನಿಯಿಂದ ಕೆಳಗಿಳಿಯುವ ಬದಲು ನೆರೆಯ ಹತ್ತಾರು ಪಂಚಾಯತ್‌ಗಳ ಮೇಲ್ವಿಚಾರಕರು ತಿಂಗಳಿಗೊಮ್ಮೆ ಒಬ್ಬೊಬ್ಬರ ಗ್ರಂಥಾಲಯದಲ್ಲಿ ಸೇರಲಿ. ಆ ದಿನದ ಕೂಲಿ ಮುರಿಯದಿರಲಿ, ಬಸ್ಸಿನ ಖರ್ಚು ಗ್ರಂಥಾಲಯ ಕರದಿಂದ ಸಲ್ಲಲಿ. ಮಕ್ಕಳ ಪಂಚಾಯತ್‌ನಲ್ಲಿ ಬೆಳೆದು ಈಗ ಮೂವತ್ತು, ನಲವತ್ತು ದಾಟಿದವರು ಈ ಊರುಗಳಲ್ಲೇ ಇದ್ದಾರೆ. ಅವರಲ್ಲಿ ಒಬ್ಬರನ್ನಾದರೂ ಸಂಪನ್ಮೂಲ ವ್ಯಕ್ತಿಯಾಗಿ ಕರೆಯಲಿ. ಕರದ ಹಣದಲ್ಲಿ ಕೊಳ್ಳುವ ಪುಸ್ತಕಗಳ ಪಟ್ಟಿಯಲ್ಲಿ ಒಂದು ಪಾಲನ್ನು ಮಕ್ಕಳ ಗ್ರಾಮ ಸಭೆಯಲ್ಲಿ ಮಕ್ಕಳೇ ಆರಿಸಲಿ. ಮೊದಲ ವರ್ಷ ಅವರು ಪೂರ್ತಿ ದೆವ್ವದ ಕಥೆಗಳನ್ನೇ ಕೇಳಿದರೂ ತರಿಸಿಕೊಡಲಿ.