ಮೈಸೂರು ಸಂಸ್ಥಾನದ ಹಿಂಜರಿಕೆ: ಗಡಿ ತಾಲ್ಲೂಕುಗಳಿಂದ ಒಂದು ಮರುಪರಿಶೀಲನೆ

ಮೈಸೂರು ಭಾರತದಲ್ಲಿ ವಿಲೀನವಾದ ಕಥೆಯನ್ನು 1947ರ ಆಗಸ್ಟ್ 9ರ ಸಹಿಯೊಂದಿಗೆ ಮುಗಿಸುವುದು ರೂಢಿ. ಜಯಚಾಮರಾಜ ಒಡೆಯರು ಅಂದು ಒಕ್ಕೂಟಕ್ಕೆ ಬಿಟ್ಟುಕೊಟ್ಟದ್ದು ರಕ್ಷಣೆ, ವಿದೇಶಾಂಗ ವ್ಯವಹಾರ, ಸಂಪರ್ಕ ಎಂಬ ಮೂರು ವಿಷಯಗಳನ್ನು ಮಾತ್ರ. ಒಳಾಡಳಿತ ಅರಮನೆ ಮತ್ತು ದಿವಾನ್ ಆರ್ಕಾಟ್ ರಾಮಸ್ವಾಮಿ ಮೊದಲಿಯಾರರ ಹಿಡಿತದಲ್ಲೇ ಇತ್ತು. ಜವಾಬ್ದಾರಿ ಸರ್ಕಾರಕ್ಕಾಗಿ ಸೆಪ್ಟೆಂಬರಿನಲ್ಲಿ ‘ಮೈಸೂರು ಚಲೋ’ ಚಳವಳಿ ನಡೆದು, ಅಕ್ಟೋಬರಿನಲ್ಲಿ ಕೆ.ಸಿ. ರೆಡ್ಡಿ ಅವರ ಮಂತ್ರಿಮಂಡಲ ಬಂತು. ಆಮೇಲೂ ಸಂಸ್ಥಾನ ತನ್ನದೇ ಸಂವಿಧಾನ ಸಭೆಯನ್ನು ಕಟ್ಟಿಕೊಂಡಿತು. ಭಾರತದ ಸಂವಿಧಾನವೇ ಮೈಸೂರಿನದೂ ಹೌದೆಂಬ ಮಹಾರಾಜರ ಘೋಷಣೆ ಹೊರಬಿದ್ದದ್ದು 1949ರ ನವೆಂಬರ್ 25ರಂದು.

ಈ ತಡಕ್ಕೆ ಅರಮನೆಯ ಪ್ರತಿಷ್ಠೆಯೊಂದೇ ಕಾರಣವಲ್ಲ. 1881ರಿಂದ ಪ್ರಜಾಪ್ರತಿನಿಧಿ ಸಭೆ ನಡೆಸಿಕೊಂಡು ಬಂದ, ಸ್ವಂತ ರೈಲ್ವೆ, ಶಿವನಸಮುದ್ರದ ವಿದ್ಯುತ್ತು, ಭದ್ರಾವತಿಯ ಕಾರ್ಖಾನೆ ಇದ್ದ ಸಂಸ್ಥಾನವದು. ಬ್ರಿಟಿಷರಿಗೆ ವರ್ಷಕ್ಕೆ 35 ಲಕ್ಷ ರೂಪಾಯಿ ಪೊಗದಿ ತೆತ್ತು, 1928ರಲ್ಲಿ ಅದನ್ನು ಇಳಿಸಿಕೊಂಡ ನೆನಪು ಆಡಳಿತಗಾರರಲ್ಲಿ ಹಸಿಯಾಗಿತ್ತು. ದೂರದ ಸರ್ಕಾರದ ಕೈಗೆ ವರಮಾನ ಒಪ್ಪಿಸಲು ಅವರು ಲೆಕ್ಕ ಹಾಕಿದ್ದು ಸಹಜವೇ.

ಆದರೆ ಈ ಲೆಕ್ಕ ಬೆಂಗಳೂರು, ಮೈಸೂರಿನದು. ಚಿತ್ರದುರ್ಗ ಜಿಲ್ಲೆಯ ಗಡಿ ತಾಲ್ಲೂಕುಗಳಾದ ಚಳ್ಳಕೆರೆ, ಮೊಳಕಾಲ್ಮುರುಗಳಿಂದ ನೋಡಿದರೆ ಚಿತ್ರ ಬೇರೆ. ಗಡಿ ದಾಟಿದರೆ ಮದರಾಸು ಪ್ರಾಂತ್ಯ. ಮೊಳಕಾಲ್ಮುರಿಗೆ ಬಳ್ಳಾರಿ, ರಾಯದುರ್ಗ ನೆರೆಯೂರುಗಳು, ರಾಜಧಾನಿಯೇ ದೂರ. ಇದೇ ತಾಲ್ಲೂಕಿನ ಬ್ರಹ್ಮಗಿರಿಯಲ್ಲಿರುವ ಅಶೋಕನ ಶಾಸನ, ಸುವರ್ಣಗಿರಿಯ ಅಧಿಕಾರಿಗಳು ಇಲ್ಲಿನ ಇಸಿಲದ ಮಹಾಮಾತ್ರರಿಗೆ ಕಳಿಸಿದ ಆದೇಶ. ದೂರದ ಆಳ್ವಿಕೆ ಈ ನೆಲಕ್ಕೆ ಹೊಸತಲ್ಲ. ಪಕ್ಕದ ಚಿತ್ರದುರ್ಗ ತಾಲ್ಲೂಕಿನ ತುರುವನೂರಿನಲ್ಲಿ 1939ರಲ್ಲಿ ಈಚಲು ಮರ ಕಡಿದ ಸತ್ಯಾಗ್ರಹಿಗಳು ಎದುರಿಸಿದ್ದು ಸಂಸ್ಥಾನದ ಸರ್ಕಾರವನ್ನೇ. ಆದ್ದರಿಂದ ಹಿಂಜರಿಕೆಯನ್ನು ‘ಮೈಸೂರು ಜನರ’ ಮನೋಭಾವವೆಂದು ಬರೆಯುವುದು ಸರಿಯಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಮುಂದೆ ಕನ್ನಡ ಪ್ರದೇಶಗಳ ಏಕೀಕರಣದ ಹೊತ್ತಿಗೆ ಅದೇ ಅಳುಕು ಬೇರೆ ರೂಪದಲ್ಲಿ ತಲೆಯೆತ್ತಿತು. ಉತ್ತರದ ಹಿಂದುಳಿದ ಜಿಲ್ಲೆಗಳ ಭಾರ, ಒಕ್ಕಲಿಗ–ಲಿಂಗಾಯತ ಬಲಾಬಲದ ಏರುಪೇರು, ಎರಡೂ ಹಳೆಯ ಮೈಸೂರಿನ ನಾಯಕರನ್ನು ಕಾಡಿದವು. ಏಕೀಕರಣಕ್ಕೆ ಟೊಂಕ ಕಟ್ಟಿದ ಎಸ್. ನಿಜಲಿಂಗಪ್ಪ ಚಿತ್ರದುರ್ಗದ ವಕೀಲರು; ಸ್ವಪಕ್ಷದವರ ವಿರೋಧದ ನಡುವೆಯೂ ಮುಖ್ಯಮಂತ್ರಿ ಕೆಂಗಲ್ ಹನುಮಂತಯ್ಯ ಅದನ್ನು ಒಪ್ಪಿದರು. ಅಷ್ಟರಲ್ಲಿ, 1953ರ ಅಕ್ಟೋಬರ್ 1ರಂದು, ಬಳ್ಳಾರಿ ಮೈಸೂರಿಗೆ ಬಂದಿತ್ತು, ರಾಯದುರ್ಗ ಆಂಧ್ರಕ್ಕೆ ಹೋಗಿತ್ತು. ಮೊಳಕಾಲ್ಮುರಿನ ಒಂದು ಗಡಿ ಅಳಿಸಿತು, ಇನ್ನೊಂದು ಉಳಿಯಿತು.

ವಿಲೀನದ ಚರಿತ್ರೆಯನ್ನು ಬರೆಯುವವರು ಅರಮನೆ ಮತ್ತು ಸಚಿವಾಲಯದ ಕಡತಗಳ ಜೊತೆಗೆ ಈ ಗಡಿ ತಾಲ್ಲೂಕುಗಳ ಕಂದಾಯ ದಾಖಲೆ, ಹಿರಿಯರ ಮಾತು, ಆಚೆಬದಿಯ ಬಳ್ಳಾರಿ–ಅನಂತಪುರದ ಕಾಗದಪತ್ರಗಳನ್ನೂ ಒಟ್ಟಿಗೆ ಇಟ್ಟು ಓದಬೇಕು.